ಸೈಫೆನ್ ಹಳ್ಳಿಯ ಮರದ ಬಳೆ: ಒಳಗಿರುವ ಕುದುರೆ ಕಾಣದೆ ಕಡೆಯುವುದು ಹೇಗೆ?

ಬೊಂಬೆಮನೆ
ಜರ್ಮನಿಯ ಸೈಫೆನ್ ಗೊತ್ತಿರುವವರು ಸ್ವಲ್ಪ ಈ ಕಡೆ ಬನ್ನಿ. ಸ್ಯಾಕ್ಸನಿ ರಾಜ್ಯ, ಝೆಕ್ ಗಡಿ ಪಕ್ಕ, ಎರ್ಜ್‌ಗೆಬಿರ್ಗೆ ಬೆಟ್ಟಸಾಲಿನ ಮರದ ಆಟಿಕೆಗಳ ಹಳ್ಳಿ. ಎಂಟು ಮೂಲೆಯ ಚರ್ಚು, ಇಳಿಜಾರು ಬೀದಿ, ಕಿಟಕಿಗೊಂದು ದೀಪದ ಕಮಾನು, ಇವೆಲ್ಲ ಹೋದವರೆಲ್ಲರ ಫೋನಿನಲ್ಲೂ ಇರುತ್ತವೆ. ನನಗೆ ಬೇಕಾದದ್ದು ಬೇರೆ. ಅಲ್ಲಿನ ಬಯಲು ಮ್ಯೂಸಿಯಮ್ಮಿನಲ್ಲಿ ಒದ್ದೆ ಮರದ ದಪ್ಪ ಬಿಲ್ಲೆಯನ್ನು ಲೇತಿಗೆ (ಮರವನ್ನು ಗಿರ್ರನೆ ತಿರುಗಿಸಿ ಉಳಿ ಹಿಡಿದು ಕಡೆಯುವ ಯಂತ್ರ) ಹಾಕಿ ಬಳೆ ಕಡೆದು ತೋರಿಸುತ್ತಾರಲ್ಲ, ಅದು. ಎದುರಿಗೆ ಕಾಣುವುದು ಬರೀ ಏರುತಗ್ಗಿನ ಬಳೆ. ಚಾಕು ಇಟ್ಟು ಸುತ್ತಿಗೆಯಿಂದ ಒಂದೇಟು ಹಾಕಿದರೆ ಸೀಳಿದ ಮುಖದಲ್ಲಿ ಕುದುರೆ!

ಕೇಳಬೇಕಾದ್ದು ಮೂರು. ಒಳಗಿನ ಆಕಾರ ಕಾಣದೆ ಕೈ ಹೇಗೆ ಓಡುತ್ತದೆ? ಮರ ಒದ್ದೆಯೇ ಯಾಕಿರಬೇಕು? ಇದನ್ನು ನಮ್ಮ ಚನ್ನಪಟ್ಟಣದಲ್ಲಿ ಮಾಡಬಹುದಾ?

ಉಳಿಬಾಚಿ
ಮೊದಲು ಮರ ಅರ್ಥವಾಗಬೇಕು, ಲೇತು ಆಮೇಲೆ. ಅಲ್ಲಿ ಬಳಸುವುದು ಸ್ಪ್ರೂಸ್, ಸೂಜಿ ಎಲೆಯ ಮರ. ಚಳಿಯ ಬೆಟ್ಟದಲ್ಲಿ ನಿಧಾನವಾಗಿ ಬೆಳೆದದ್ದು, ವರ್ಷದ ಉಂಗುರಗಳು ಒತ್ತೊತ್ತಾಗಿ ಇರುವಂಥದ್ದು, ಕಾಂಡ ನೆಟ್ಟಗಿರುವಂಥದ್ದು. ಸ್ಪ್ರೂಸಿಗೆ ಕೊಂಬೆಗಳು ಒಂದೇ ಮಟ್ಟದಲ್ಲಿ ಸುತ್ತಲೂ ಒಡೆಯುತ್ತವೆ. ಆ ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ ಗಂಟಿಲ್ಲದ ಭಾಗ ಸಿಗುತ್ತದಲ್ಲ, ಅದನ್ನಷ್ಟೇ ಬಿಲ್ಲೆಯಾಗಿ ಕೊಯ್ದುಕೊಳ್ಳುತ್ತಾರೆ. ಗಂಟು ಬಂದಲ್ಲಿ ಉಳಿ ಎಗರುತ್ತದೆ, ಸೀಳುವಾಗ ಬಿರುಕು ದಾರಿ ತಪ್ಪುತ್ತದೆ. ಒಂದು ಗಂಟಿಗೆ ಎರಡು ಮೂರು ಪ್ರಾಣಿ ಹಾಳು.

ಕೆಲಸದ ಕ್ರಮ ಇಷ್ಟು. ಬಿಲ್ಲೆಯನ್ನು ಲೇತಿನ ಹಿಡಿಕೆಗೆ, ಅಂದರೆ ತುಂಡನ್ನು ಹಿಡಿದು ತಿರುಗಿಸುವ ಭಾಗಕ್ಕೆ, ಹೊಡೆದು ಕೂರಿಸುತ್ತಾರೆ. ಅಂಚು ದುಂಡಗಾಗುವವರೆಗೆ ಕಡೆದು, ಎದುರಿನ ಮುಖದಲ್ಲಿ ಮೊದಲು ಪ್ರಾಣಿಯ ಕೆಳಭಾಗ ತೆಗೆಯುತ್ತಾರೆ: ಹೊಟ್ಟೆಯ ತಗ್ಗು, ಮುಂಗಾಲು ಹಿಂಗಾಲಿನ ನಡುವಿನ ಸಂದು, ಕತ್ತಿನ ಕೆಳಗಿನ ತಿರುವು. ಆಮೇಲೆ ಬಿಲ್ಲೆಯನ್ನು ತಿರುಗಿಸಿ ಇನ್ನೊಂದು ಹಿಡಿಕೆಗೆ ಒತ್ತಿ ಕೂರಿಸಿ, ಈ ಕಡೆಯಿಂದ ಬೆನ್ನು, ತಲೆ, ಬಾಲದ ಬುಡ. ನಡುವಿನ ತಿರುಳು ಉದುರಿದರೆ ಉಳಿದದ್ದು ಬಳೆ. ಅದನ್ನು ಸುತ್ತಲೂ ಸೀಳುತ್ತಾ ಹೋಗುವುದು.

ಎರಡೂ ಕಡೆಯ ಕಡೆತ ಒಂದಕ್ಕೊಂದು ಕೂಡಬೇಕಾದದ್ದು ಇಲ್ಲಿನ ಕಷ್ಟ. ತಿರುಗಿಸಿ ಕೂರಿಸುವಾಗ ಬಿಲ್ಲೆ ಒಂದೆರಡು ಮಿ.ಮೀ. ಓರೆಯಾದರೂ ಬಳೆಯ ಒಂದು ಪಕ್ಕದ ಕುದುರೆಗಳು ಬೊಜ್ಜು, ಎದುರು ಪಕ್ಕದವು ಬಡಕಲು.

ಹುಬ್ಬಳ್ಳಿ_ಹೈದ
ಅದೆಲ್ಲಾ ಸರಿ ಬಿಡ್ರಿ, ಕಾಣದೆ ಹೆಂಗ ಕಡೀತಾರ ಅನ್ನೋದಕ್ಕ ಉತ್ತರ ಎಲ್ಲಿ ಐತಿ?

ಉಳಿಬಾಚಿ
ಬಳೆಯ ಮೇಲ್ಮೈಯಲ್ಲಿ ಏರುತಗ್ಗು ಕಾಣುತ್ತದೆ, ಬೆರಳಿಗೂ ಸಿಗುತ್ತದೆ. ಕಾಣದೇ ಇರುವುದು ಅಡ್ಡಕೊಯ್ತ ಮಾತ್ರ. ಏರುತಗ್ಗನ್ನು ಮನಸ್ಸಿನಲ್ಲೇ ಅಡ್ಡಕೊಯ್ತವಾಗಿ ಓದಿಕೊಳ್ಳುವುದು ವರ್ಷಗಟ್ಟಲೆ ಅಭ್ಯಾಸದ ಮಾತು. ಹೊಸ ಪ್ರಾಣಿಯಾದರೆ ಮೊದಲ ಬಳೆಯಿಂದ ಒಂದು ಚೂರು ಸೀಳಿ, ಮುಖ ನೋಡಿ, ಮುಂದಿನ ಬಳೆಯಲ್ಲಿ ತಿದ್ದಿಕೊಳ್ಳುವುದು. ಕುದುರೆಯ ಕತ್ತು ಕುಳ್ಳಾಯಿತಾ, ಹೊಟ್ಟೆ ಜೋತುಬಿತ್ತಾ ಎಂದು ಆಗಲೇ ಗೊತ್ತಾಗುವುದು. ಉಳಿಗಳ ಹಿಡಿ ಉದ್ದ ಇರುತ್ತದೆ, ತುದಿಗಳು ಬೇರೆ ಬೇರೆ ಕೊಕ್ಕೆ ಆಕಾರದವು. ಒಳಗೆ ಬಾಗಿರುವ ತಗ್ಗಿಗೆ ನೆಟ್ಟನೆ ಉಳಿ ತಲುಪುವುದಿಲ್ಲ.

ಸುಮಾ_ಲೈಪ್‌ಜಿಗ್
ಉಳಿಬಾಚಿಯವರ ಮಾತಿಗೆ ಒಂದು ಸೇರಿಸುತ್ತೇನೆ. ಕಾಲು ಮೂಡುವ ರೀತಿ ಗಮನಿಸಿ. ಲೇತಿನಲ್ಲಿ ಬರುವುದು ಪಕ್ಕದ ನೋಟ ಮಾತ್ರ. ಹಾಗಾಗಿ ಸೀಳಿದ ಚೂರಿಗೆ ಇರುವುದು ಎರಡೇ ಕಾಲು, ಮುಂದೊಂದು ಹಿಂದೊಂದು, ಎರಡೂ ಹಲಗೆಯಷ್ಟು ಅಗಲ. ಎಡ ಬಲ ಬೇರೆ ಮಾಡುವುದು ಕೆತ್ತುವ ಚಾಕುವಿನ ಕೆಲಸ. ಅಗ್ಗದ ಸಣ್ಣ ಪ್ರಾಣಿಗಳಲ್ಲಿ ಇದನ್ನು ಬಿಟ್ಟೇಬಿಡುತ್ತಾರೆ, ಬಣ್ಣ ಬಳಿದ ಮೇಲೂ ಎರಡೇ ಕಾಲು. ಕೊಳ್ಳುವಾಗ ಅಡಿ ತಿರುಗಿಸಿ ನೋಡಿದರೆ ಯಾವುದಕ್ಕೆ ಎಷ್ಟು ಕೈಕೆಲಸ ಬಿದ್ದಿದೆ ಅಂತ ತಕ್ಷಣ ತಿಳಿಯುತ್ತದೆ. ಕಿವಿ, ಕೊಂಬು, ಬಾಲ ಬೇರೆಯಾಗಿ ಮಾಡಿ ಅಂಟಿಸಿದ್ದು.

ಅಂದಹಾಗೆ ಇದು ಸುಮಾರು 1800ರ ಹೊತ್ತಿಗೆ ಶುರುವಾದ ವಿದ್ಯೆ. ಸೈಫೆನ್ ಅದಕ್ಕೂ ಮುಂಚೆ ತವರದ ಗಣಿ ಊರು, ದಾಖಲೆಯಲ್ಲಿ ಹೆಸರು ಬರುವುದು 1324ರಲ್ಲಿ. ಅದಿರು ಬರಿದಾಗುತ್ತಾ ಬಂದಂತೆ ಜನ ಮರಕ್ಕೆ ತಿರುಗಿದರು. 1849ಕ್ಕೆ ಗಣಿ ನಿಂತೇ ಹೋಯಿತು. ಗಣಿಯ ಯಂತ್ರಗಳಿಗೆ ನೀರು ಹರಿಸಿ ಚಕ್ರ ತಿರುಗಿಸುವ ವಿದ್ಯೆ ಮೊದಲೇ ಗೊತ್ತಿತ್ತು, ಅದೇ ನೀರು ಲೇತಿಗೂ ಆಯಿತು. ಬಯಲು ಮ್ಯೂಸಿಯಮ್ಮಿನಲ್ಲಿ ನೀರಿನ ಚಕ್ರದ ಲೇತುಮನೆಯೇ ಇದೆ.

ಕಡೆತದಮನೆ
ನಾನು ಚನ್ನಪಟ್ಟಣದ ಕಡೆಯವನು. ವ್ಯತ್ಯಾಸ ಸರಳ ಸ್ವಾಮಿ. ನಮ್ಮಲ್ಲಿ ಮರದ ನಾರು ಲೇತಿನ ಉದ್ದಕ್ಕೆ ಇರುತ್ತದೆ, ಅವರಲ್ಲಿ ಅಡ್ಡಕ್ಕೆ ಇರುತ್ತದೆ. ಅದಕ್ಕೇ ನಮ್ಮ ಉಳಿ ಅಲ್ಲಿ ನಡೆಯುವುದಿಲ್ಲ.

ಉಳಿಬಾಚಿ
ಇಲ್ಲ ಸಾರ್, ಅಲ್ಲೂ ಉದ್ದಕ್ಕೇ. ಬಿಲ್ಲೆಯನ್ನು ಕಾಂಡದಿಂದ ಅಡ್ಡ ಕೊಯ್ದಿದ್ದಾರೆ, ಹಲಗೆಯಿಂದಲ್ಲ. ಮರದ ತಿರುಳು ಲೇತಿನ ನಡುಗೆರೆಯ (ತಿರುಗುವ ಅಕ್ಷದ) ಮೇಲೆ ಕೂರುತ್ತದೆ. ಅಂದರೆ ನಾರು ನಡುಗೆರೆಗೆ ಸಮಾನಾಂತರ. ಪ್ರಾಣಿಯ ಕಾಲುಗಳಲ್ಲಿ ನಾರು ಉದ್ದುದ್ದ ಬರುವುದು ಹಾಗಾಗಿಯೇ, ಕಾಲು ಪಟ್ಟನೆ ಮುರಿಯುವುದಿಲ್ಲ. ಹಲಗೆಯಿಂದ ಬಳೆ ಕೊಯ್ದು ಕಡೆದರೆ ಬಳೆಯ ಅರ್ಧ ಭಾಗದಲ್ಲಿ ಸೀಳೇ ಸರಿಯಾಗಿ ಬರುವುದಿಲ್ಲ.

ನಿಮಗೂ ಅವರಿಗೂ ಇರುವ ನಿಜವಾದ ವ್ಯತ್ಯಾಸ ಬೇರೆ. ನೀವು ಉದ್ದನೆ ಕಡ್ಡಿಯ ಮೈ ಕಡೆಯುತ್ತೀರಿ, ಉಳಿ ನಾರಿನ ಪಕ್ಕದ ಮೇಲೆ ಓಡುತ್ತದೆ. ಅವರು ಅಗಲ ಬಿಲ್ಲೆಯ ಮುಖ ಕಡೆಯುತ್ತಾರೆ, ಉಳಿ ನಾರಿನ ತುದಿಗಳನ್ನೇ ಕತ್ತರಿಸಬೇಕು. ತುದಿ ಕತ್ತರಿಸುವುದು ಒಣ ಸ್ಪ್ರೂಸಿನಲ್ಲಿ ಪೀಕಲಾಟ. ಮೆತ್ತಗಿನ ನಾರು ಮುದುಡುತ್ತದೆ, ಕಿತ್ತು ಬರುತ್ತದೆ. ಒದ್ದೆಯಾದರೆ ನುಣ್ಣಗೆ ಕತ್ತರಿಸಿ, ಉದ್ದ ಉದ್ದ ಸುರುಳಿಯಾಗಿ ಹಾರುತ್ತದೆ. ನಿಮ್ಮ ಎರಡನೇ ಪ್ರಶ್ನೆಗೆ ಅರ್ಧ ಉತ್ತರ ಇದು ಬೊಂಬೆಮನೆ.

ಕಡೆತದಮನೆ
ತಿರುಳು ನಡುವಿಗೆ ಬರುತ್ತದೆ ಅಂದಮೇಲೆ ಆ ತಿರುಳು ಬಿರಿಯುತ್ತದಲ್ಲ? ನಾವು ತಿರುಳಿರುವ ತುಂಡನ್ನು ಮುಟ್ಟುವುದೇ ಇಲ್ಲ.

ಫಿಸಿಕ್ಸ್_ಮೇಷ್ಟ್ರು
ತಿರುಳು ಬಳೆಯೊಳಗೆ ಉಳಿಯುವುದೇ ಇಲ್ಲವಲ್ಲ, ನಡುವಿನ ತೂತಿನಲ್ಲೇ ಹೋಯಿತು. ಒದ್ದೆ ಯಾಕೆ ಎನ್ನುವುದಕ್ಕೆ ಉಳಿದರ್ಧ ಉತ್ತರವೂ ಇಲ್ಲೇ ಇದೆ. ಸ್ಪ್ರೂಸ್ ಪೂರ್ತಿ ಹಸಿಯಿಂದ ಪೂರ್ತಿ ಒಣಗುವಾಗ ಸುತ್ತಳತೆಯ ದಿಕ್ಕಿನಲ್ಲಿ ಸುಮಾರು ಶೇ. 8 ಕುಗ್ಗುತ್ತದೆ, ನಡುವಿನಿಂದ ಹೊರಗಿನ ದಿಕ್ಕಿನಲ್ಲಿ ಸುಮಾರು ಶೇ. 4 ಮಾತ್ರ. ಸುತ್ತಳತೆ ಹೆಚ್ಚು ಕುಗ್ಗಬೇಕು, ಅಡ್ಡಗಲ ಅಷ್ಟು ಬಿಟ್ಟುಕೊಡುವುದಿಲ್ಲ. ಆದ್ದರಿಂದ ಇಡೀ ಬಿಲ್ಲೆ ಒಣಗಿದರೆ ಅಂಚಿನಿಂದ ತಿರುಳಿನವರೆಗೆ ಸೀಳು ಬಿಡಲೇಬೇಕು. ಕಡೆಯುವ ತನಕ ಒಣಗಲು ಬಿಡಬಾರದು ಎಂದೇ ತುಂಡುಗಳನ್ನು ನೀರಲ್ಲಿ ಮುಳುಗಿಸಿ ಇಡುವುದು. ನೀರಲ್ಲಿದ್ದರೆ ನೀಲಿ ಬೂಷ್ಟೂ ಹಿಡಿಯುವುದಿಲ್ಲ. ಚೂರುಗಳಾದ ಮೇಲೆ ಒಣಗಿದರೆ ತೊಂದರೆಯಿಲ್ಲ, ಕುಗ್ಗಲು ಜಾಗ ಇರುತ್ತದೆ.

ಬೊಂಬೆಮನೆ
ಒಂದು ಬಳೆಗೆ ಎಷ್ಟು ಪ್ರಾಣಿ ಬರುತ್ತವೆ?

ಸುಮಾ_ಲೈಪ್‌ಜಿಗ್
ಗಾತ್ರದ ಮೇಲೆ. 40ರಿಂದ 60 ಸಾಮಾನ್ಯ.

ಫಿಸಿಕ್ಸ್_ಮೇಷ್ಟ್ರು
ಲೆಕ್ಕ ಹಾಕಿ ನೋಡಿ, ಮಜಾ ಇದೆ. ಬಳೆಯ ಹೊರ ಅಡ್ಡಗಲ 30 ಸೆಂ.ಮೀ. ಅಂದುಕೊಳ್ಳಿ, ಸುತ್ತಳತೆ 94 ಸೆಂ.ಮೀ. 60 ಚೂರು ಮಾಡಿದರೆ ಹೊರಗಡೆ ಒಂದೊಂದರ ದಪ್ಪ 1.6 ಸೆಂ.ಮೀ. ಪ್ರಾಣಿಯ ಉದ್ದ 5 ಸೆಂ.ಮೀ. ಆದರೆ ಒಳ ಅಡ್ಡಗಲ 20, ಸುತ್ತಳತೆ 63, ಒಳಗಡೆ ದಪ್ಪ 1 ಸೆಂ.ಮೀ. ಚಿಲ್ಲರೆ. ಅಂದರೆ ಪ್ರತಿ ಚೂರೂ ಕಿತ್ತಳೆ ತೊಳೆಯ ಹಾಗೆ ಒಂದು ತುದಿಗೆ ದಪ್ಪ, ಇನ್ನೊಂದು ತುದಿಗೆ ತೆಳು. ಕೆತ್ತುವವರು ಮೊದಲು ಸರಿಮಾಡುವುದು ಇದನ್ನೇ. ಪ್ರಾಣಿ ಉದ್ದವಾದಷ್ಟೂ, ಬಳೆ ಚಿಕ್ಕದಾದಷ್ಟೂ ಈ ಅಂತರ ಹೆಚ್ಚು. ಸಣ್ಣ ಕಾಂಡದಿಂದ ಉದ್ದ ಪ್ರಾಣಿ ತೆಗೆಯಲು ಹೋದರೆ ಮೂತಿ ಬ್ಲೇಡಿನ ಹಾಗೆ ಆಗಿಬಿಡುತ್ತದೆ.

ಕುಡ್ಲದ_ಕಾರ್ಪೆಂಟರ್
ಅಲ್ಲಾ ಮಾರಾಯ್ರೆ, ಇಷ್ಟೆಲ್ಲ ರಗಳೆ ಯಾಕೆ? ಒಂದು ಹಲಗೆ, ಒಂದು ಜಿಗ್‌ಸಾ, ಕುದುರೆಯ ಅಚ್ಚು. ಗಂಟೆಗೆ ಐವತ್ತು ಕೊಯ್ದು ಬಿಸಾಡಬಹುದು.

ಸುಮಾ_ಲೈಪ್‌ಜಿಗ್
ಜಿಗ್‌ಸಾ ಇಲ್ಲದ ಕಾಲದ ವಿದ್ಯೆ ಅಣ್ಣಾ ಇದು. 19ನೇ ಶತಮಾನದಲ್ಲಿ ಇಲ್ಲಿಂದ ಹೊರದೇಶಕ್ಕೆ ಹೋದದ್ದರಲ್ಲಿ ದೊಡ್ಡ ಪಾಲು ಬೈಬಲ್ ಕತೆಯ ನೋಹನ ನಾವೆಯ ಆಟಿಕೆಗಳದ್ದು. ಒಂದು ನಾವೆಗೆ ಜೋಡಿ ಜೋಡಿ ಪ್ರಾಣಿಗಳು ಡಜನ್‌ಗಟ್ಟಲೆ. ಒಂದೇ ಅಚ್ಚಿನಂಥ ನೂರಾರು ಆನೆ, ನೂರಾರು ಒಂಟೆ ಬೇಕು, ಅದೂ ಪುಡಿಗಾಸಿಗೆ. ಬಳೆ ಕಡೆತಕ್ಕೆ ಸಮನಾದ ವೇಗ ಆಗ ಇನ್ಯಾವುದಕ್ಕೂ ಇರಲಿಲ್ಲ. ಲೆಕ್ಕ ನಡೆಯುತ್ತಿದ್ದದ್ದು ಅರವತ್ತರ ಕಟ್ಟಿನಲ್ಲಿ. ಕಡೆಯುವವರು ಬಳೆ ಮಾರುತ್ತಿದ್ದರು, ಸೀಳುವುದು ಕೆತ್ತುವುದು ಬಣ್ಣ ಬಳಿಯುವುದು ಬೇರೆ ಮನೆಗಳಲ್ಲಿ. ಮಕ್ಕಳೂ ಕೂತು ಬಣ್ಣ ಬಳಿಯುತ್ತಿದ್ದರು. ಲಾಭ ಮಾತ್ರ ವರ್ತಕರದ್ದು. ಈಗ ನೋಡಲು ಚಂದದ ಹಳ್ಳಿ, ಆಗ ಹಸಿದ ಹಳ್ಳಿ. ಈ ಮಾತು ಪ್ರವಾಸದ ಪುಸ್ತಿಕೆಯಲ್ಲಿ ಸಿಗುವುದಿಲ್ಲ, ಆಟಿಕೆ ಮ್ಯೂಸಿಯಮ್ಮಿನಲ್ಲಿ ಸಿಗುತ್ತದೆ. 1953ರಿಂದ ಇದೆ, ಅದನ್ನು ಬಿಟ್ಟು ಬರೀ ಅಂಗಡಿ ಸುತ್ತಿ ಬರಬೇಡಿ.

ಉಳಿಬಾಚಿ
ಕುಡ್ಲದವರಿಗೆ ಇನ್ನೊಂದು ಮಾತು. ಹಲಗೆಯಲ್ಲಿ ಕೊಯ್ದ ಕುದುರೆಯ ಬೆನ್ನು ಚಪ್ಪಟೆ, ಗರಗಸದ ಗುರುತು ಬೇರೆ, ಎಲ್ಲ ಅಂಚನ್ನೂ ಉಜ್ಜಬೇಕು. ಬಳೆಯಿಂದ ಬಂದದ್ದಕ್ಕೆ ಬೆನ್ನು ಹೊಟ್ಟೆಗಳನ್ನು ಉಳಿಯೇ ನುಣ್ಣಗೆ ಮಾಡಿಟ್ಟಿರುತ್ತದೆ. ಎರಡು ಪಕ್ಕ ಮಾತ್ರ ಸೀಳಿದ ಮುಖ.

ಬೊಂಬೆಮನೆ
ಮೂರನೇ ಪ್ರಶ್ನೆ ಹಾಗೇ ಉಳಿಯಿತು. ಚನ್ನಪಟ್ಟಣದಲ್ಲಿ ಆಗುತ್ತದಾ ಇಲ್ಲವಾ?

ಕಡೆತದಮನೆ
ಆಗಲ್ಲ ಅಂತ ಯಾಕೆ ಹೇಳಬೇಕು? ಕೈ ಇದೆ, ಲೇತು ಇದೆ. ಬಿಲ್ಲೆ ಹಿಡಿಯುವ ಹಿಡಿಕೆ ಒಂದು ಮಾಡಿಸಿಕೊಂಡರೆ ಆಯಿತು.

ಉಳಿಬಾಚಿ
ಕೈ ಇದೆ ನಿಜ, ಮರ ಇಲ್ಲ. ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆ ಮರ ಸಣ್ಣ ಜಾತಿ, 30 ಸೆಂ.ಮೀ. ನೆಟ್ಟನೆ ಕಾಂಡ ಎಲ್ಲಿ ಸಿಗುತ್ತದೆ? ಮೇಷ್ಟ್ರ ಲೆಕ್ಕ ನೋಡಿ, 15 ಸೆಂ.ಮೀ. ಕಾಂಡದಲ್ಲಿ 5 ಸೆಂ.ಮೀ. ಪ್ರಾಣಿ ಇಟ್ಟರೆ ಒಳ ಅಡ್ಡಗಲ ಐದೇ. ಹೊರಗಿನ ದಪ್ಪದ ಮೂರನೇ ಒಂದು ಭಾಗ ಒಳಗೆ. ಎರಡನೆಯದು, ಆಲೆ ನುಣುಪಾದ ಒತ್ತು ನಾರಿನ ಮರ. ಕಡೆಯಲು ಬೆಣ್ಣೆ, ಅರಗು ಹಿಡಿಯಲು ಬಂಗಾರ, ಆದರೆ ಚಾಕು ಇಟ್ಟು ಹೊಡೆದರೆ ಸ್ಪ್ರೂಸಿನಂತೆ ಒಂದೇ ಗೆರೆಯಲ್ಲಿ ಬಿಟ್ಟುಕೊಳ್ಳುವುದಿಲ್ಲ. ಅವರ ವಿದ್ಯೆ ಲೇತಿನಲ್ಲಿ ಅರ್ಧ, ಸೀಳಿನಲ್ಲಿ ಅರ್ಧ.

ಕಡೆತದಮನೆ
ಸೀಳಬೇಕೆಂದೇ ಏನು? ಬಳೆಯನ್ನು ಬ್ಯಾಂಡ್‌ಸಾದಲ್ಲಿ ಕೊಯ್ದರೆ?

ಉಳಿಬಾಚಿ
ಕೊಯ್ಯಬಹುದು. ಗರಗಸದ ದಪ್ಪ ಒಂದೊಂದು ಕೊಯ್ತಕ್ಕೆ ಒಂದು ಮಿ.ಮೀ. ತಿನ್ನುತ್ತದೆ, 60 ಕೊಯ್ತಕ್ಕೆ 6 ಸೆಂ.ಮೀ. ಹೋಯಿತು, ಅಂದರೆ ನಾಲ್ಕೈದು ಪ್ರಾಣಿ. ಅದು ಸಹಿಸಬಹುದು. ದುಂಡನೆ ಬಳೆಯನ್ನು ಮೇಜಿನ ಮೇಲೆ ಪ್ರತಿ ಸಲ ನಡುವಿಗೆ ಸರಿಯಾಗಿ ನಿಲ್ಲಿಸುವುದೇ ತಲೆನೋವು. ಮಧ್ಯದಲ್ಲಿ ಗೂಟವಿರುವ ಒಂದು ಹಲಗೆ ಮಾಡಿಕೊಂಡು, ಅದರ ಸುತ್ತ ಬಳೆಯನ್ನು ತಿರುಗಿಸುತ್ತಾ ಕೊಯ್ಯಬೇಕು. ಕೈ ಬ್ಲೇಡಿನ ಸಮೀಪ ಬರುತ್ತದೆ, ಜೋಪಾನ.

ಸುಮಾ_ಲೈಪ್‌ಜಿಗ್
ಅರಗಿನ ವಿಷಯವನ್ನೂ ಮರೆಯಬೇಡಿ. ಚನ್ನಪಟ್ಟಣದ ಜೀವವೇ ಅದು. ತಿರುಗುವ ತುಂಡಿಗೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೆ ಕರಗಿ ಮೈಗೆ ಹಿಡಿಯುತ್ತದೆ, ಆಮೇಲೆ ಕೇದಗೆ ಗರಿ ಒತ್ತಿ ಮಿಂಚು ತರುತ್ತಾರೆ. ಇದಕ್ಕೆ ಮರ ಚೆನ್ನಾಗಿ ಒಣಗಿರಬೇಕು. ಒದ್ದೆ ಬಳೆಗೆ ಅರಗು ಹಿಡಿಯುವುದಿಲ್ಲ, ಹಿಡಿದರೂ ಮರ ಕುಗ್ಗಿದಾಗ ಚಕ್ಕೆ ಏಳುತ್ತದೆ. ಸೀಳಿದ ಮೇಲೆ ಚೂರು ದುಂಡಗಿಲ್ಲ, ಲೇತಿಗೆ ಹಾಕಲು ಬರುವುದಿಲ್ಲ. ಹಾಗಾಗಿ ಸೈಫೆನ್ನಿನವರು ಕುಂಚ ಹಿಡಿದರು, ಚನ್ನಪಟ್ಟಣದವರು ದುಂಡನೆ ಆಕಾರ ಬಿಡಲಿಲ್ಲ. ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ ಅಂತ ನನ್ನ ಅಭಿಪ್ರಾಯ. ಕಲಿಯಬೇಕಾದರೆ ಬೇರೆಯದನ್ನು ಕಲಿಯಿರಿ. ಮರದ ಆಟಿಕೆ ತಯಾರಿಕೆ ಜರ್ಮನಿಯಲ್ಲಿ ಸರ್ಕಾರ ಒಪ್ಪಿದ ಮೂರು ವರ್ಷದ ತರಬೇತಿ, ಸೈಫೆನ್ನಿನಲ್ಲೇ ಶಾಲೆ ಇದೆ. ಅಷ್ಟಿದ್ದೂ ಬಳೆ ಕಡೆಯುವವರು ಈಗ ಬೆರಳೆಣಿಕೆ.

ಕಡೆತದಮನೆ
ಎರಡೂ ಕೆಡುತ್ತವೆ ಅನ್ನುವುದನ್ನು ಮಾಡಿ ನೋಡದೆ ಒಪ್ಪಲ್ಲ ಮೇಡಂ. ಸಿಲ್ವರ್ ಓಕ್ ಇದೆ, ದಪ್ಪ ಕಾಂಡ ಬೇಕಾದಷ್ಟು.

ಉಳಿಬಾಚಿ
ಸಿಲ್ವರ್ ಓಕಿನಲ್ಲಿ ತಿರುಳಿನಿಂದ ಹೊರಗೆ ಹೋಗುವ ಅಗಲವಾದ ಪಟ್ಟೆಗಳಿವೆ. ಸೀಳು ಅವುಗಳ ಗುಂಟ ಬಂದರೆ ಅನುಕೂಲವೇ. ಆದರೆ ಮುಖ ಕಡೆಯುವಾಗ ಆ ಪಟ್ಟೆಗಳೇ ಕಿತ್ತು ಬರಬಹುದು. ಪ್ರಯತ್ನಿಸಿ, ಉಳಿ ಮಾತ್ರ ಕ್ಷೌರದ ಕತ್ತಿಯಷ್ಟು ಚೂಪಿರಲಿ.

ಗೊಂಬೆಹಬ್ಬ_ಮೈಸೂರು
ಮರದ ಜಗಳ ನಡೆಯಲಿ, ನನ್ನದೊಂದು ಸಣ್ಣ ಸಮಸ್ಯೆ. ಒಳಗೆ ಧೂಪ ಹಚ್ಚಿಟ್ಟರೆ ಬಾಯಿಂದ ಹೊಗೆ ಬಿಡುವ ಅಜ್ಜನ ಮರದ ಬೊಂಬೆಯನ್ನು ಆ ಕಡೆಯಿಂದಲೇ ತರಿಸಿಕೊಂಡಿದ್ದೇವೆ, ದಸರಾ ಗೊಂಬೆ ಸಾಲಿಗೆ. ಇಲ್ಲಿನ ಧೂಪದ ಕೋನ್ ಹಚ್ಚಿಟ್ಟರೆ ಬಾಯಲ್ಲಿ ಹೊಗೆಯೇ ಬರುವುದಿಲ್ಲ.

ಸುಮಾ_ಲೈಪ್‌ಜಿಗ್
ಕೋನಿನ ಅಡಿಯಲ್ಲಿ ತೂತು ಇದೆಯಾ ನೋಡಿ.

ಗೊಂಬೆಹಬ್ಬ_ಮೈಸೂರು
ಇದೆ!

ಸುಮಾ_ಲೈಪ್‌ಜಿಗ್
ಅದು ಬ್ಯಾಕ್‌ಫ್ಲೋ ಕೋನ್. ಹೊಗೆ ತೂತಿನೊಳಗೆ ತಣ್ಣಗಾಗಿ ಕೆಳಕ್ಕೆ ಇಳಿಯಲೆಂದೇ ಮಾಡಿದ್ದು. ಬೊಂಬೆಯೊಳಗೆ ಇಟ್ಟರೆ ಹೊಗೆಯೆಲ್ಲ ತಗಡಿನ ತಟ್ಟೆಯ ಸುತ್ತ ಇಳಿದು ಕಂದು ಅಂಟಾಗಿ ಕೂರುತ್ತದೆ. ತೂತಿಲ್ಲದ, ಅಡಿ ಸುಮಾರು ಒಂದು ಸೆಂ.ಮೀ. ಇರುವ ಗಟ್ಟಿ ಒಣ ಕೋನ್ ಬೇಕು. ಅಲ್ಲಿನವು ಇದ್ದಿಲ ಪುಡಿ, ಆಲೂಗಡ್ಡೆ ಪಿಷ್ಟ, ರಾಳ, ಮರದ ಹಿಟ್ಟು ಸೇರಿಸಿ ಮಾಡಿದ್ದು, ಗಂಧದ ಪುಡಿ ಸೇರಿಸುವುದೂ ಉಂಟು. ಮೆತ್ತನೆ ಹಸಿ ಧೂಪ ಬೇಡವೇ ಬೇಡ, ಎಣ್ಣೆ ಜಿಡ್ಡು ಮರಕ್ಕೆ ಇಳಿಯುತ್ತದೆ.

ಹಚ್ಚುವ ರೀತಿ: ತುದಿಗೆ ಬೆಂಕಿ ಹಿಡಿದು, ಜ್ವಾಲೆ ಆರಿಸಿ, ತುದಿ ಪೂರ್ತಿ ಕೆಂಡವಾದ ಮೇಲೆ ತಟ್ಟೆಯ ನಡುಮಧ್ಯಕ್ಕೆ ಇಡಿ. ಓರೆಯಾಗಿ ಇಟ್ಟರೆ ಒಳಗೋಡೆ ಸುಡುತ್ತದೆ. ಆಮೇಲೆ ಮೇಲಿನ ಅರ್ಧ ಕೂರಿಸಿ.

ಫಿಸಿಕ್ಸ್_ಮೇಷ್ಟ್ರು
ಜೊತೆಗೆ ಅಡಿಯ ಗಾಳಿತೂತು. ಬಿಸಿ ಹೊಗೆ ಬಾಯಿಂದ ಹೊರಗೆ ಹೋಗಬೇಕಾದರೆ ಕೆಳಗಿನಿಂದ ಅಷ್ಟೇ ಗಾಳಿ ಒಳಗೆ ಬರಬೇಕು. ಗೊಂಬೆ ಸಾಲಿನ ಮೆಟ್ಟಿಲಿಗೆ ಬಟ್ಟೆ ಹಾಸಿರುತ್ತೀರಿ, ಆ ಬಟ್ಟೆ ತೂತು ಮುಚ್ಚುತ್ತದೆ. ಒಂದು ಟೈಲ್ಸ್ ತುಂಡಿನ ಮೇಲೆ ಇಡಿ. ಬೆಂಕಿಯ ದೃಷ್ಟಿಯಿಂದಲೂ ಬಟ್ಟೆಯ ಮೇಲೆ ಬೇಡ. ಬಾಯಿಯ ತೂತಿನಲ್ಲಿ ಟಾರು ಕಟ್ಟಿದ್ದರೆ ಇಯರ್‌ಬಡ್‌ಗೆ ಸ್ವಲ್ಪ ಸ್ಪಿರಿಟ್ ಹಚ್ಚಿ ಒರೆಸಿ, ಬಣ್ಣಕ್ಕೆ ತಾಗದ ಹಾಗೆ.

ಕುಡ್ಲದ_ಕಾರ್ಪೆಂಟರ್
ಮಳೆಗಾಲದಲ್ಲಿ ನಮ್ಮ ಕಡೆ ಇಂಥ ಬೊಂಬೆಯ ಮೇಲಿನ ಅರ್ಧ ಕಚ್ಚಿಕೊಂಡು ಕೂರುತ್ತದೆ ಮಾರಾಯ್ರೆ, ಎಳೆದರೆ ಕೈಯೇ ಕಿತ್ತು ಬರುವ ಹಾಗೆ. ಮರ ಉಬ್ಬಿದ್ದು. ತಲೆ ಹಿಡಿದು ಎಳೆಯಬಾರದು, ಸೊಂಟದ ಹತ್ತಿರ ಹಿಡಿದು ಮೆಲ್ಲ ತಿರುಗಿಸಬೇಕು. ಬರದಿದ್ದರೆ ಒಣ ಅಕ್ಕಿಯ ಡಬ್ಬಿಯಲ್ಲಿ ಎರಡು ದಿನ. ತೆಗೆದ ಮೇಲೆ ಸೇರುವ ಭಾಗಕ್ಕೆ ಮೇಣದಬತ್ತಿ ಉಜ್ಜಿ. ಉಪ್ಪುಕಾಗದ ಹಾಕಿ ಸವೆಸಬೇಡಿ, ಬೇಸಗೆಯಲ್ಲಿ ಲೊಡಲೊಡ ಆಗುತ್ತದೆ.

ಹುಬ್ಬಳ್ಳಿ_ಹೈದ
ಅಡಕೆ ಒಡಿಯೋ ಗೊಂಬಿನೂ ಅಲ್ಲಿದ ಏನ್ರಿ? ದೊಡ್ಡ ಬಾಯಿ, ಬಿಳಿ ಗಡ್ಡ, ರಾಜನ ಟೊಪಗಿ?

ಸುಮಾ_ಲೈಪ್‌ಜಿಗ್
ಹೌದು. ಬೀಜ ಒಡೆಯುವ ಬೊಂಬೆಗಳು ಬೇರೆ ಕಡೆಯೂ ಮೊದಲಿಂದ ಇದ್ದವು. ಸೈಫೆನ್ನಿನ ಈಗಿನ ರೂಪಕ್ಕೆ ಮೂಲ ಅಂತ ಹೇಳುವುದು ವಿಲ್ಹೆಲ್ಮ್ ಫ್ರೀಡ್ರಿಷ್ ಫ್ಯುಷ್ಟ್‌ನರ್ ಸುಮಾರು 1870ರಲ್ಲಿ ಮಾಡಿದ್ದನ್ನು. ರಾಜ, ಸಿಪಾಯಿ, ಪೊಲೀಸ್, ಇವರೇ ಹೆಚ್ಚು. ದೊಡ್ಡವರ ಬಾಯಿಗೆ ಗಟ್ಟಿ ಬೀಜ ಕೊಟ್ಟು ಕಚ್ಚಿಸುವುದರಲ್ಲಿ ಇರುವ ಕುಚೋದ್ಯ ಯಾರಿಗಾದರೂ ತಿಳಿಯುತ್ತದೆ. ಕೂದಲು ಗಡ್ಡ ಮೊಲದ ತುಪ್ಪಳ. ಒಂದು ಬೊಂಬೆಗೆ ನೂರಕ್ಕೂ ಹೆಚ್ಚು ಹಂತದ ಕೆಲಸ.

ಉಳಿಬಾಚಿ
ಅಡಕೆ ಇಟ್ಟು ಪರೀಕ್ಷೆ ಮಾಡಬೇಡಿ ದೇವರೇ. ಬೆನ್ನ ಹಿಂದಿನ ಹಿಡಿ ಒಂದು ಸನ್ನೆ, ದವಡೆ ಅದರ ಗಿಡ್ಡ ತುದಿ, ನಡುವೆ ಮೈಯ ಅಡ್ಡಕ್ಕೆ ಹೋಗುವ ಒಂದೇ ಮರದ ಕಡ್ಡಿ ಕೀಲು. ಪೂರ್ತಿ ಬಲ ಬೀಳುವುದು ಆ ಕಡ್ಡಿಯ ಮೇಲೆ. ಹಳೆಯ ದಪ್ಪ ಬೊಂಬೆಗಳು ಹೇಜಲ್ ಬೀಜ ಒಡೆಯುತ್ತಿದ್ದವು. ಈಗ ಅಲಂಕಾರಕ್ಕೆ ಮಾರುವುದರಲ್ಲಿ ಅಕ್ರೋಟ್ ಇಟ್ಟರೆ ಕೀಲು ಮುರಿಯುತ್ತದೆ, ಇಲ್ಲವೇ ದವಡೆ ನಾರಿನ ಗುಂಟ ಸೀಳುತ್ತದೆ.

ರೈಲುಪ್ರಿಯ
ಹೋಗುವವರಿಗೆ: ಸೈಫೆನ್ನಿಗೆ ರೈಲಿಲ್ಲ. ಕೆಮ್ನಿಟ್ಸ್‌ನಿಂದ ಫ್ಲ್ಯೋಹಾ ಕಣಿವೆಯ ರೈಲು ಹಿಡಿದು ಓಲ್ಬರ್ನ್‌ಹೌ, ಅಲ್ಲಿಂದ ಬಸ್ಸು. ಭಾನುವಾರ ಬಸ್ಸಿನ ವೇಳೆ ಮೊದಲೇ ನೋಡಿಟ್ಟುಕೊಳ್ಳಿ. ಕ್ರಿಸ್ಮಸ್ ಮುಂಚಿನ ನಾಲ್ಕು ವಾರಾಂತ್ಯಗಳಲ್ಲಿ ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಕೆಲಸ ನೋಡಬೇಕಾದರೆ ವಾರದ ದಿನ ಹೋಗಿ. ದೇವದೂತ (ಏಂಜೆಲ್) ಬೊಂಬೆಗಳಿಗೆ ಹೆಸರಾದ ವೆಂಡ್ಟ್ ಉಂಡ್ ಕ್ಯೂನ್ ಕಾರ್ಖಾನೆಯೂ ಸೈಫೆನ್ನಿನಲ್ಲೇ ಇರುವುದು, ಹಸಿರು ರೆಕ್ಕೆಯ ಮೇಲೆ ಹನ್ನೊಂದು ಬಿಳಿ ಚುಕ್ಕೆ ಗುರುತು.

ಸುಮಾ_ಲೈಪ್‌ಜಿಗ್
ಚುಕ್ಕೆ ಸರಿ, ಊರು ಅಲ್ಲ. ಕಾರ್ಖಾನೆ ಗ್ರ್ಯೂನ್‌ಹೈನಿಷನ್‌ನಲ್ಲಿ, 1915ರಿಂದ. ಸೈಫೆನ್ನಿನಲ್ಲಿ ಇರುವುದು ಅಂಗಡಿ. ಅದನ್ನು ನೋಡಲೆಂದೇ ಹೋಗುವವರು ಕೆಮ್ನಿಟ್ಸ್ ದಾರಿಯಲ್ಲೇ ಇಳಿದುಕೊಳ್ಳಿ.

ಚರ್ಚನ್ನು ಸುಮ್ಮನೆ ಫೋಟೋ ತೆಗೆದು ಬಿಡಬೇಡಿ. 1779ರಲ್ಲಿ ಮುಗಿದ ಎಂಟು ಮೂಲೆಯ ಕಟ್ಟಡ, ಕ್ರಿಶ್ಚಿಯನ್ ಗೊಟ್ಹೆಲ್ಫ್ ರಾಯ್ಟರ್ ಕಟ್ಟಿದ್ದು. ಮೇಜಿನ ಮೇಲಿಡುವ ಎಷ್ಟೋ ಬೊಂಬೆಗಳಲ್ಲಿ ಹಿಂದೆ ನಿಂತಿರುವುದು ಇದೇ ಚರ್ಚು, ಮುಂದೆ ಕಪ್ಪು ನಿಲುವಂಗಿಯ ಹಾಡುವ ಹುಡುಗರು. ಬೊಂಬೆಯ ಚರ್ಚಿಗೆ ಎಂಟು ಮೂಲೆ ಇಲ್ಲದಿದ್ದರೆ ಎಲ್ಲೋ ದೂರದಲ್ಲಿ ತಯಾರಾದದ್ದು ಎಂದು ಅನುಮಾನ ಪಡಬಹುದು.

ಬೊಂಬೆಮನೆ
ನಕಲಿ ಗುರುತಿಸುವುದು ಹೇಗೆ ಅಂತ ಕೇಳಬೇಕೆಂದಿದ್ದೆ, ನೀವೇ ಶುರು ಮಾಡಿದಿರಿ.

ಸುಮಾ_ಲೈಪ್‌ಜಿಗ್
ಮೂಲೆ ಎಣಿಸುವುದಕ್ಕಿಂತ ಸುಲಭದ ದಾರಿ ಇದೆ. ತಯಾರಕರ ಸಂಘದ ಮುದ್ರೆ: ‘ಎಷ್ಟ್ ಎರ್ಜ್‌ಗೆಬಿರ್ಗೆ’ (Echt Erzgebirge), ಅಂದರೆ ‘ಅಸಲಿ ಎರ್ಜ್‌ಗೆಬಿರ್ಗೆ’. ಮುದ್ರೆ ಇಲ್ಲದ್ದೆಲ್ಲ ನಕಲಿ ಅಂತಲ್ಲ, ಒಬ್ಬರೇ ಕೂತು ಮಾಡುವ ಸಣ್ಣ ಮನೆಗಳೂ ಇವೆ. ಆಮದು ಮಾಲಿನಲ್ಲಿ ಬಣ್ಣ ದಪ್ಪ, ಕಣ್ಣು ಮೂಗು ಅಚ್ಚೊತ್ತಿದ್ದು, ಕೂದಲು ಪ್ಲಾಸ್ಟಿಕ್ ನೂಲು.

ಫಿಸಿಕ್ಸ್_ಮೇಷ್ಟ್ರು
ಮೇಣದಬತ್ತಿ ಬಿಸಿಗೆ ತಿರುಗುವ ಪಿರಮಿಡ್ (ಮೇಲೆ ಫ್ಯಾನಿರುವ ಬೊಂಬೆಗಳ ಮರದ ಗೋಪುರ) ಬಗ್ಗೆ ಯಾರೂ ಕೇಳಲಿಲ್ಲವಲ್ಲ, ಅತಿ ಹೆಚ್ಚು ಕೈಕೊಡುವ ವಸ್ತು ಅದೇ. ಮೇಲಿನ ಫ್ಯಾನಿನ ರೆಕ್ಕೆಗಳು ತಿರುಚಿ ಕೂರಿಸುವಂಥವು. ಎಲ್ಲವೂ ಒಂದೇ ಕೋನದಲ್ಲಿ, ಸುಮಾರು 45 ಡಿಗ್ರಿಯಿಂದ ಶುರು ಮಾಡಿ. ಒಂದೇ ಒಂದು ರೆಕ್ಕೆ ಉಲ್ಟಾ ತಿರುಗಿದ್ದರೂ ವೇಗ ಇಳಿಯುತ್ತದೆ. ಫ್ಯಾನಿನ ಜೊತೆ ತಿರುಗುವ ನಡುಗಡ್ಡಿಯ ಕೆಳತುದಿಯ ಸೂಜಿ ಒಂದು ಗಾಜಿನ ಗುಳಿಯಲ್ಲಿ ನಿಂತಿರುತ್ತದೆ. ನಿಂತುಹೋದರೆ ಮೊದಲು ಆ ಗುಳಿಯ ಧೂಳು ತೆಗೆಯಿರಿ. ಎಣ್ಣೆ ಹಾಕಬೇಡಿ, ಧೂಳು ಸೇರಿ ಗೋಂದಾಗುತ್ತದೆ. ಸೂಜಿ ಮೊಂಡಾಗಿದ್ದರೆ ಸಣ್ಣ ಸಾಣೆಕಲ್ಲಿಗೆ ತಿರುಗಿಸಿ ಉಜ್ಜಿ.

ಬತ್ತಿ 14 ಮಿ.ಮೀ. ಮತ್ತು 17 ಮಿ.ಮೀ. ದಪ್ಪದವು ಬರುತ್ತವೆ, ನಿಮ್ಮ ಕುಳಿಯ ಅಳತೆ ನೋಡಿಕೊಳ್ಳಿ. ನಮ್ಮ ಅಂಗಡಿಯ ಉದ್ದ ಬತ್ತಿ ಹಾಕಿದರೆ ಜ್ವಾಲೆ ರೆಕ್ಕೆಗೆ ಹತ್ತಿರವಾಗಿ ತುದಿ ಕಪ್ಪಾಗುತ್ತದೆ. ಮುಖ್ಯವಾಗಿ, ಮೇಲೆ ಸೀಲಿಂಗ್ ಫ್ಯಾನ್ ಆಫ್.

ಗೊಂಬೆಹಬ್ಬ_ಮೈಸೂರು
ಧೂಪದ ಅಜ್ಜ ಟೈಲ್ಸ್ ಮೇಲೆ ಕೂತ, ಹೊಗೆ ಬಂತು! ಇನ್ನೊಂದು. ಕಿಟಕಿಯ ದೀಪದ ಕಮಾನು ವಿದ್ಯುತ್ತಿನದು, ಏಳು ಬಲ್ಬು. ಒಂದು ಹೋಯಿತು, ಏಳೂ ಆರಿದವು. ಇಲ್ಲಿನ 12 ವೋಲ್ಟ್ ಬಲ್ಬು ಹಾಕಬಹುದಾ?

ಫಿಸಿಕ್ಸ್_ಮೇಷ್ಟ್ರು
ಹಾಕಬೇಡಿ. ಏಳೂ ಸರಣಿಯಲ್ಲಿವೆ, 230 ವೋಲ್ಟನ್ನು ಹಂಚಿಕೊಳ್ಳುತ್ತವೆ. ಏಳು ದೀಪದ ಕಮಾನಿಗೆ ಸಾಮಾನ್ಯವಾಗಿ 34 ವೋಲ್ಟ್ 3 ವ್ಯಾಟ್, ಹತ್ತು ದೀಪದ್ದಕ್ಕೆ 23 ವೋಲ್ಟ್ 3 ವ್ಯಾಟ್. ಹಳೆಯ ಬಲ್ಬಿನ ತಿರುಪಿನ ಮೇಲೆ ಬರೆದಿರುತ್ತದೆ. ವ್ಯಾಟ್ ಬೇರೆಯಾದರೆ ಹಂಚಿಕೆ ಏರುಪೇರಾಗಿ, ಒಂದು ಅತಿಯಾಗಿ ಉರಿದು ಸುಡುತ್ತದೆ, ಉಳಿದವು ಮಂಕಾಗುತ್ತವೆ. ಸುಟ್ಟದ್ದನ್ನು ಬೇಗ ಬದಲಾಯಿಸಿ, ಪ್ಲಗ್ ಕಿತ್ತ ಮೇಲೆ ಮಾತ್ರ. ಅವರ ಎರಡು ಕಡ್ಡಿ ಪ್ಲಗ್ ನಮ್ಮ ಸಾಕೆಟ್ಟಿನಲ್ಲಿ ಸಡಿಲ ಕೂರುತ್ತದೆ, ಕಿಡಿ ಹಾರದಂತೆ ಒಳ್ಳೆಯ ಅಡಾಪ್ಟರ್ ಹಾಕಿ.

ಹುಬ್ಬಳ್ಳಿ_ಹೈದ
ಗಣಿ ಕಾರ್ಮಿಕರು ಗಣಿ ಬಾಯಾಗ ದೀಪಾ ತೂಗಹಾಕಿದ್ದರಿಂದ ಆ ಕಮಾನು ಹುಟ್ಟಿದ್ದು ಅಂತಾರಲ್ರಿ, ಖರೇ ಏನು?

ಸುಮಾ_ಲೈಪ್‌ಜಿಗ್
ಚಂದದ ಕತೆ, ಅಷ್ಟೇ. ಹಳೆಯ ಕಮಾನುಗಳು ಕಬ್ಬಿಣದವು, ಕಮ್ಮಾರರ ಕೆಲಸ, ಯೊಹಾನ್‌ಗೆಯೋರ್ಗೆನ್‌ಷ್ಟಾಟ್ ಕಡೆಯವು. ಮರದ್ದು ಬಂದದ್ದು ಆಮೇಲೆ. ಗಣಿಗೂ ಬೆಳಕಿಗೂ ನಂಟಿರುವುದು ಮಾತ್ರ ಸುಳ್ಳಲ್ಲ, ಚಳಿಗಾಲದಲ್ಲಿ ಕತ್ತಲಲ್ಲೇ ಇಳಿದು ಕತ್ತಲಲ್ಲೇ ಮೇಲೆ ಬರುತ್ತಿದ್ದ ಜನ. ಆ ಗಣಿ ಸೀಮೆಗೆ 2019ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟ ಸಿಕ್ಕಿದೆ, ಝೆಕ್ ಕಡೆಯನ್ನೂ ಸೇರಿಸಿ.

ಕುಡ್ಲದ_ಕಾರ್ಪೆಂಟರ್
ಸ್ಪ್ರೂಸ್ ಬೊಂಬೆಗೆ ಇಲ್ಲಿ ಹುಳ ಹಿಡಿಯುವುದಿಲ್ಲವಾ?

ಉಳಿಬಾಚಿ
ಹಿಡಿಯುತ್ತದೆ, ಮೆತ್ತನೆ ಮರ. ಸೂಜಿತೂತು, ಅಡಿಯಲ್ಲಿ ಹಿಟ್ಟು ಕಂಡರೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡೀಪ್ ಫ್ರೀಜರಿನಲ್ಲಿ ಮೈನಸ್ 18ಕ್ಕೆ ಎರಡು ವಾರ ಇಡಿ. ತೆಗೆದ ಮೇಲೆ ಚೀಲ ತಕ್ಷಣ ಬಿಚ್ಚಬೇಡಿ, ಕೋಣೆಯ ಬಿಸಿಗೆ ಬರಲಿ. ಇಲ್ಲದಿದ್ದರೆ ತೇವ ಕೂತು ಬಣ್ಣ ಏಳುತ್ತದೆ. ಸೀಮೆಎಣ್ಣೆ ಸುರಿಯುವ ಮನೆಮದ್ದು ಬೇಡ.

ಕಡೆತದಮನೆ
ಸಿಲ್ವರ್ ಓಕ್ ಬಿಲ್ಲೆ ನೀರಿಗೆ ಹಾಕಿದ್ದೇನೆ. ಎಷ್ಟು ದಿನ ಬಿಡಬೇಕು?

ಉಳಿಬಾಚಿ
ಹಸಿ ಮರವಾಗಿದ್ದರೆ ಕಾಯಬೇಕಾಗಿಲ್ಲ, ಇವತ್ತೇ ಕಡೆಯಬಹುದು. ನೀರು ಇರುವುದು ಒಣಗದ ಹಾಗೆ ಕಾಯಲು ಮಾತ್ರ. ಒಣಗಿ ಬಿರುಕು ಬಿಟ್ಟ ಬಿಲ್ಲೆಯಾದರೆ ಎಷ್ಟು ದಿನ ನೆನೆಸಿದರೂ ಬಿರುಕು ಕೂಡುವುದಿಲ್ಲ, ಬೇರೆ ಮರ ಕೊಯ್ಸಿ. ಮತ್ತೆ, ತಿರುಗಿಸಿ ಕೂರಿಸಿದ ಮೇಲೆ ಕೈಯಲ್ಲೇ ಒಂದು ಸುತ್ತು ತಿರುಗಿಸಿ ಓರೆ ನೋಡಿಕೊಳ್ಳಿ, ಆಮೇಲೆ ಮೋಟಾರು ಹಾಕಿ.